ಬ್ಯಾಗು ಕೂತಿದ್ದ ಸೀಟು

ನನ್ನ ಸೋದರತ್ತೆ ಶಾಲೆಯ ವ್ಯಾನ್ ಓಡಿಸುತ್ತಾಳೆ. ಹಿಂದೆ ಗಲಾಟೆಯಾದರೆ ಸಾಕು, ಗಕ್ಕನೆ ಬ್ರೇಕ್ ಒತ್ತುತ್ತಾಳೆ. ಹಾಗಾಗಿ ಮಕ್ಕಳಿಗೆ ಅವಳು ಬ್ರೇಕ್ ಆಂಟಿ.

ವ್ಯಾನಿನ ಹಿಂದಿನ ಸೀಟು ಮೂರು ಹುಡುಗಿಯರ ಗುಂಪಿನದು. ನಾಲ್ಕನೆಯ ಜಾಗದಲ್ಲಿ ಬ್ಯಾಗು ಇಟ್ಟು, ಹೊಸದಾಗಿ ಸೇರಿದ ಪುಟ್ಟಿ ಬಂದರೆ "ಇಲ್ಲಿ ಜಾಗ ಇಲ್ಲ" ಎನ್ನುತ್ತಿದ್ದರು. ಪುಟ್ಟಿ ತೆಪ್ಪಗೆ ಬಂದು ಅತ್ತೆಯ ಪಕ್ಕ ಬಿಸಿ ಬಾನೆಟ್ಟಿನ ಮೇಲೆ ಕೂರುತ್ತಿದ್ದಳು.

ಅತ್ತೆಗೆ ಮೈಯೆಲ್ಲ ಉರಿಯುತ್ತಿತ್ತು. "ಏನೇ ಹೆದರಿಕೆ ನಿಂಗೆ? ಬ್ಯಾಗ್ ಎತ್ತಿ ಅವರ ಕೈಗೇ ಕೊಟ್ಟು ಕೂತ್ಕೋ!" ಎಂದು ದಿನಾ ಉಪದೇಶ.

ಒಂದು ದಿನ ಶಾಲೆ ಬೇಗ ಬಿಟ್ಟಿತು. ಪುಟ್ಟಿ ಓಡಿ ಬಂದಾಗ ಅತ್ತೆ ವ್ಯಾನಿನಲ್ಲಿ ಒಬ್ಬಳೇ ಟೀ ಕುಡಿಯುತ್ತಿದ್ದಳು. ಉಳಿದ ಡ್ರೈವರುಗಳು ಗೇಟಿನ ಬೆಂಚಿನ ಮೇಲೆ ಹರಟುತ್ತಿದ್ದರು.

"ನೀವ್ಯಾಕೆ ಅಲ್ಲಿ ಕೂರಲ್ಲ ಆಂಟಿ?"

"ಜಾಗ ಎಲ್ಲಿದೆ? ಟವೆಲ್ ಹಾಕಿದಾರಲ್ಲ."

ಹೇಳಿದವಳೇ ನಾಲಿಗೆ ಕಚ್ಚಿಕೊಂಡಳು. ಹನ್ನೊಂದು ವರ್ಷದಿಂದ ಆ ಬೆಂಚಿನ ಮೇಲೆ ಟವೆಲ್ಲು ಕೂತಿದೆ, ಅತ್ತೆ ಕೂತಿಲ್ಲ.

ಲೋಟ ಹಿಡಿದು ದಡದಡ ಇಳಿದು ಹೋದಳು. ಟವೆಲ್ ಎತ್ತಿ ಅದರ ಯಜಮಾನನ ತಲೆ ಮೇಲೆ ಹಾಕಿ, "ಸ್ವಲ್ಪ ಸರ್ಕೊಳ್ಳಪ್ಪಾ" ಎಂದು ಕೂತೇಬಿಟ್ಟಳು. ಕೂತ ರಭಸಕ್ಕೆ ಅರ್ಧ ಟೀ ಮೊಣಕಾಲಿಗೆ ಚೆಲ್ಲಿತು. ಪುಟ್ಟಿ ಕಿಟಕಿಯಿಂದ ಎಲ್ಲವನ್ನೂ ನೋಡಿದಳು.

ವ್ಯಾನ್ ಹೊರಟ ಮೇಲೆ ಅತ್ತೆ ಕನ್ನಡಿಯಲ್ಲಿ ಇಣುಕಿದಳು. ಪುಟ್ಟಿ ಹಿಂದಿನ ಸೀಟಿನಲ್ಲಿ ಬೆವರುತ್ತ ಕೂತಿದ್ದಳು. ಬ್ಯಾಗು ಅದರ ಒಡತಿಯ ತಲೆ ಮೇಲಿತ್ತು. ಹಿಂದೆ ಕಿವಿ ಹರಿದುಹೋಗುವಷ್ಟು ಗಲಾಟೆ.

ಅತ್ತೆ ಬ್ರೇಕ್ ಮುಟ್ಟಲಿಲ್ಲ.