ಫರಸಿಕಲ್ಲಿನ ಮೇಲೆ ಬರೆಯದೆ ಬಿಟ್ಟ ಸಾಲು

ಶಹಾಬಾದಿನ ನಮ್ಮ ವಾಚನಾಲಯದ ಹೊರಗೋಡೆಗೆ ಆಳೆತ್ತರದ ಒಂದು ಫರಸಿಕಲ್ಲಿನ ಚಪ್ಪಡಿ ನಿಲ್ಲಿಸಿದ್ದರು. ಬೆಳಗಿನ ಪ್ಯಾಸೆಂಜರ್ ಗಾಡಿಗೆ ಪತ್ರಿಕೆ ಬಂದ ಮೇಲೆ, ಪಾಠ ಹೇಳಲು ಶಾಲೆಗೆ ಹೋಗುವ ಮುಂಚೆ, ನಾನು ಅದರ ಮೇಲೆ ಸೀಮೆಸುಣ್ಣದಿಂದ ಸುದ್ದಿ ಬರೆಯುತ್ತಿದ್ದೆ. ಕೆಳಗಿನ ಅರ್ಧ ಊರಿನವರದು: ಕಳೆದುಹೋದ ಎಮ್ಮೆ, ಸತ್ತವರ ಮಣ್ಣಿನ ಹೊತ್ತು, ನ್ಯಾಯಬೆಲೆ ಅಂಗಡಿಗೆ ಬಂದ ಸಕ್ಕರೆ. ಏನು ಬರೆಯಬೇಕು, ಏನು ಬಿಡಬೇಕು ಎಂಬುದು ನನ್ನ ಕೈಯಲ್ಲಿತ್ತು. ಜನರನ್ನು ಕೆರಳಿಸುವ ಮಾತು ಕಲ್ಲಿನ ಮೇಲೆ ಬರಬಾರದೆಂದು ನಂಬಿದ್ದೆ. ಹಾಗೆ ನಂಬಿದ್ದಕ್ಕೆ ಸ್ವಲ್ಪ ಹೆಮ್ಮೆಯೂ ಇತ್ತು.

ಒಂದು ಮಳೆಗಾಲದ ಬೆಳಿಗ್ಗೆ ಕೆಳಗಿನ ಓಣಿಯ ಹೆಣ್ಣುಮಗಳೊಬ್ಬಳು ಬಂದಳು. ಖಣಿಯಲ್ಲಿ ಕಲ್ಲು ಹೊರುವವಳು. ಓದು ಬಾರದು.

"ಮಾಸ್ತರ್ರೇ, ನಮ್ಮ ಓಣಿ ಬಾವಿ ನೀರು ನಾರಲಿಕತ್ತಾವ. ಯಾರೂ ಕುಡೀಬ್ಯಾಡ್ರಿ ಅಂತ ಬರೀರಿ."

"ಮತ್ತ ಕುಡೀಲಿಕ್ಕ ಏನು ಮಾಡ್ತೀರಿ?"

"ಮ್ಯಾಲಿನ ಓಣಿ ಬಾವಿ ಅದಲ್ಲರಿ."

ಮೇಲಿನ ಓಣಿಯವರು ಇವರಿಗೆ ಹಗ್ಗ ಮುಟ್ಟಗೊಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮ ಮನೆ ಮೇಲಿನ ಓಣಿಯಲ್ಲಿತ್ತು.

"ಬರೀತೀನಿ ತಂಗಿ," ಎಂದೆ. ಅವಳು ನೋಡುತ್ತ ನಿಂತಿರುವಾಗಲೇ, ನಾಳೆ ಸಕ್ಕರೆ ಹಂಚುತ್ತಾರೆ ಎಂದು ಬರೆದೆ.

"ದಪ್ಪ ಅಕ್ಷರದಾಗ ಬರದೀರಿ. ಭಾಳ ಚೊಲೋ ಆಯ್ತು," ಎಂದು ಹೋದಳು.

ಸಂಜೆ ತನ್ನ ಓಣಿಯ ಬಾವಿಯ ಹತ್ತಿರ ನಿಂತು, ಕೊಡ ತಂದವರನ್ನೆಲ್ಲ ತಡೆದು, ಮಾಸ್ತರು ಬರೆದಿದ್ದಾರೆ, ಹೋಗಿ ನೋಡಿ ಎಂದಳಂತೆ. ಅದೇ ಓಣಿಯ ದರ್ಜಿಯೊಬ್ಬ ವಾಚನಾಲಯದ ಎದುರಿಗೇ ಮಷಿನ್ ಇಟ್ಟುಕೊಂಡಿದ್ದ. ಓದು ಬಲ್ಲವನು. "ಅಲ್ಲಿ ಸಕ್ಕರಿ ಸುದ್ದಿ ಅದ ಬೇ. ತಂದು ಬಾವ್ಯಾಗ ಹಾಕು, ನೀರು ಸಿಹಿ ಆಗ್ತಾವ," ಎಂದನಂತೆ. ಎಲ್ಲರೂ ನಕ್ಕರು. ನೀರು ಸೇದಿಕೊಂಡು ಹೋದರು.

ನಾಲ್ಕನೆಯ ದಿನ ಆ ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ಹಲವು ಮನೆಗಳ ಮಕ್ಕಳು ಮಲಗಿದವು. ದರ್ಜಿಯ ಮಗಳನ್ನು ಗುಲಬರ್ಗಾಕ್ಕೆ ಒಯ್ದರು. ಬದುಕಿ ಬಂದಳು, ಆದರೆ ಬಹಳ ದಿನ ಗೋಡೆ ಹಿಡಿದೇ ನಡೆಯುತ್ತಿದ್ದಳು.

ಆಮೇಲೆ ಆ ಹೆಣ್ಣುಮಗಳು ದರ್ಜಿಯನ್ನು ಕರೆದುಕೊಂಡು ಬಂದಳು. ನನ್ನನ್ನು ಬೈಯಲಿಲ್ಲ. ಒದ್ದೆ ಬಟ್ಟೆ ತೆಗೆದುಕೊಂಡು ಕಲ್ಲಿನ ಕೆಳಗಿನ ಅರ್ಧವನ್ನು ತಾನೇ ಒರೆಸಿದಳು.

"ಈಗ ಬರೀರಿ. ಇಂವ ಓದ್ತಾನ."

ಕೆಳಗಿನ ಓಣಿಯ ಬಾವಿ ನೀರು ಕೆಟ್ಟಿದೆ ಎಂದು ಬರೆದೆ. ದರ್ಜಿ ಗಟ್ಟಿಯಾಗಿ ಓದಿದ.

"ಇನ್ನೊಂದು ಸಾಲು. ನಾಳೆ ಮುಂಜಾನಿ ಮ್ಯಾಲಿನ ಓಣಿ ಬಾವಿಗಿ ಬರ್ತೀವಿ. ಹಂಗೇ ಬರೀರಿ."

ಬರೆದೆ. ದರ್ಜಿ ಅದನ್ನು ಎರಡು ಸಲ ಓದಿದ.

ಮರುದಿನ ಜಗಳವಾಯಿತು. ಎರಡು ಕೊಡ ಒಡೆದವು. ಬಾವಿಯ ಕಟ್ಟೆಯ ಮೇಲೆ ನಿಂತಿದ್ದ ನನ್ನ ಅಣ್ಣ, "ಕಲ್ಲಿನ ಮ್ಯಾಲ ಬರದಂವ ನೀನೇನು?" ಎಂದು ಕೇಳಿದ. ಹೌದೆಂದೆ. ಎಷ್ಟೋ ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಮೇಲಿನ ಓಣಿಯವರೇ ಸೇದಿ, ಎತ್ತರದಿಂದ ಕೆಳಗಿನ ಓಣಿಯವರ ಕೊಡಗಳಿಗೆ ಸುರಿದರು. ಹಗ್ಗ ಅವರ ಕೈಗೆ ಬರಲು ಮುಂದೆ ವರ್ಷಗಳೇ ಹಿಡಿದವು. ನಾನು ಹೆದರಿದ್ದ ಜಗಳ ಇಷ್ಟೇ ಆಗಿತ್ತು. ಅದನ್ನು ಅಷ್ಟು ದಿನ ಮುಂದಕ್ಕೆ ಹಾಕಿದ್ದೆ. ಅಷ್ಟೂ ದಿನ ಮಕ್ಕಳು ಆ ನೀರು ಕುಡಿದಿದ್ದವು.

ಸೀಮೆಸುಣ್ಣವನ್ನು ದಾರ ಕಟ್ಟಿ ಕಲ್ಲಿನ ಪಕ್ಕ ತೂಗುಬಿಟ್ಟೆ. ಬೇಕಾದವರು ಬರೆಯಲಿ ಎಂದೆ. ತಿಂಗಳೊಳಗೆ ಯಾರೋ ಆ ಹೆಣ್ಣುಮಗಳ ಬಗ್ಗೆಯೇ ಹೊಲಸು ಮಾತು ಬರೆದರು. ಬೆಳಿಗ್ಗೆ ನೋಡಿದವನೇ ಒದ್ದೆ ಬಟ್ಟೆ ಎತ್ತಿದೆ. ಖಣಿಗೆ ಹೊರಟಿದ್ದ ಅವಳು ನಿಂತಳು.

"ಏನದರಿ ಅದು?"

"ಬ್ಯಾಡ ಬಿಡು ತಂಗಿ."

"ಮೊದಲು ಓದ್ರಿ."

ಒಂದು ಅಕ್ಷರವನ್ನೂ ಬಿಡದೆ ಓದಿದೆ. ಅವಳು ಎದುರಿನ ದರ್ಜಿಯ ಕಡೆ ನೋಡಿದಳು. ಅವನು ಮಷಿನ್ ನಿಲ್ಲಿಸಿ, ಕಲ್ಲು ನೋಡಿ, ಹೌದೆಂದು ತಲೆಯಾಡಿಸಿದ.

"ಈಗ ಅಳಸ್ರಿ," ಎಂದಳು.