ಮಳೆಯಲ್ಲಿ ನಿಂತುಹೋದ ನೀರು

ತಾಳವಾಡಿಯ ಕಡೆಯವರು ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿಯಬೇಕು. ಬಸ್ಸಿನಲ್ಲಿ ಕೂತವರಿಗೆ ಅದು ಹೊಟ್ಟೆ ತೊಳಸುವ ದಾರಿ. ತಿಗನಾರೆಯ ದೊಡ್ಡಮಾದಮ್ಮನಿಗೆ ಮಾತ್ರ ಅದು ಕೆಲಸದ ಜಾಗ. ಹನ್ನೆರಡು ವರ್ಷ ಅವಳು ಅಲ್ಲಿ ದಿನಗೂಲಿಗೆ ಚರಂಡಿಯ ಮಣ್ಣು ಎತ್ತಿದ್ದಳು, ರಸ್ತೆಗೆ ಉರುಳಿದ ಕಲ್ಲು ಸರಿಸಿದ್ದಳು, ಮೋರಿಯ ಬಾಯಿಗೆ ಸಿಕ್ಕಿಕೊಂಡ ಸೊಪ್ಪುಸದೆ ಎಳೆದು ಹಾಕಿದ್ದಳು. ಯಾವ ತಿರುವಿನಲ್ಲಿ ಬಂಡೆ ಬಿರುಕು ಬಿಟ್ಟಿದೆ, ಎಲ್ಲಿ ಮಣ್ಣು ಸಡಿಲ ಎಂಬುದು ಅವಳಿಗೆ ತನ್ನ ಅಡುಗೆಮನೆಯಷ್ಟೇ ಗೊತ್ತಿತ್ತು.

ಅವರದು ನಾಲ್ವರು ಹೆಂಗಸರ ತಂಡ, ಮೇಲೊಬ್ಬ ಮೇಸ್ತ್ರಿ. ಮೇಸ್ತ್ರಿ ಗುಮಟಾಪುರದ ಮಲ್ಲಯ್ಯ, ಐವತ್ತು ದಾಟಿದವನು. ಮಾತು ಕಡಿಮೆ. ಹೆಂಗಸರು ರಸ್ತೆಯ ಪಕ್ಕ ಊಟಕ್ಕೆ ಕೂತರೆ ತಾನು ತಿರುವಿಗೆ ಹೋಗಿ ನಿಂತು ಲಾರಿಗಳನ್ನು ನೋಡಿಕೊಳ್ಳುತ್ತಿದ್ದ. ಅವರೆಲ್ಲ ಕೈತೊಳೆದ ಮೇಲೆಯೇ ತನ್ನ ಬುತ್ತಿ ಬಿಚ್ಚುತ್ತಿದ್ದ.

ಅದು 2005. ದೀಪಾವಳಿ ಕಳೆದು, ಮಲ್ಲಯ್ಯ ತನ್ನೂರಲ್ಲಿ ಸಗಣಿ ಎರಚಾಡುವ ಹಬ್ಬ ಮುಗಿಸಿಕೊಂಡು ಕೆಲಸಕ್ಕೆ ಬಂದ ದಿನವೇ ಮಳೆ ಹಿಡಿಯಿತು. ಬಿಡಲೇ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅವರು ಘಾಟಿಯ ನಡುಭಾಗದಲ್ಲಿ ಚರಂಡಿ ಬಿಡಿಸುತ್ತಿದ್ದರು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಮೊಣಕಾಲುದ್ದ ಕೆಂಪು ನೀರು. ದೊಡ್ಡಮಾದಮ್ಮನ ಕಾಲಿಗೆ ಬಡಿಯುತ್ತಿದ್ದ ಆ ನೀರು ಇದ್ದಕ್ಕಿದ್ದಂತೆ ಇಳಿಯಿತು. ಮಳೆ ಸುರಿಯುತ್ತಲೇ ಇತ್ತು. ನೀರು ಮಾತ್ರ ಪಾದಕ್ಕೆ ಬಂತು, ಆಮೇಲೆ ಬರೀ ಕೆಸರು ಉಳಿಯಿತು.

"ಒಳ್ಳೇದೇ ಆಯ್ತು, ಮಣ್ಣೆತ್ತಕ್ಕ ಸಲೀಸು" ಎಂದಳು ಸಣ್ಣಮ್ಮ, ತಂಡದಲ್ಲಿ ಚಿಕ್ಕವಳು.

ದೊಡ್ಡಮಾದಮ್ಮ ಸಲಿಕೆಯನ್ನು ಅಲ್ಲೇ ಬಿಟ್ಟು ರಸ್ತೆಗೆ ಹತ್ತಿದಳು. ಆರು ವರ್ಷದ ಹಿಂದೆ ಒಮ್ಮೆ ಹೀಗೆಯೇ ಮಳೆಯ ನಡುವೆ ಚರಂಡಿ ಒಣಗಿತ್ತು, ಅರ್ಧ ಗಂಟೆಯಲ್ಲಿ ಗುಡ್ಡದ ಒಂದು ಮಗ್ಗುಲು ಕುಸಿದಿತ್ತು. ಅಂದು ಅದರ ಕೆಳಗೆ ಯಾರೂ ಇರಲಿಲ್ಲ.

"ಮಲ್ಲಯ್ಯಣ್ಣ, ನೀರ್ ನಿಂತೋಯ್ತು. ಮಳ ಇಷ್ಟ್ ಬತ್ತಾ ಅದ, ನೀರಿಲ್ಲ. ಮೇಗಡ ಎಲ್ಲೋ ಕಟ್ಕಂಡದ ಕಣಣ್ಣ."

ಮಲ್ಲಯ್ಯ ತಲೆ ಎತ್ತಿ ನೋಡಿದ. ಸಣ್ಣ ಕಲ್ಲುಗಳು ಒಂದೊಂದಾಗಿ ಉರುಳಿ ಬರುತ್ತಿದ್ದವು. ಒಂದು ಮರ ರಸ್ತೆಯ ಕಡೆ ವಾಲಿತ್ತು. ನಿನ್ನೆ ಅದು ನೆಟ್ಟಗಿತ್ತು. ಅವನು ಹೆಂಗಸರ ಕಡೆ ತಿರುಗಿ ಕೂಗಿದ.

"ಎಲ್ಲಾ ಕೆಳಕ್ ನಡೀರಿ. ಸಾಮಾನ್ ಬುಡಿ, ನಡೀರಿ."

ಇನ್ನೂರು ಹೆಜ್ಜೆ ಕೆಳಗೆ ರಸ್ತೆಯ ಮೇಲ್ಬದಿಗೆ ಮಣ್ಣಿಲ್ಲ, ಬರೀ ಗಟ್ಟಿ ಬಂಡೆ. ಅವರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಿಂದೆ ಒಂದಿಷ್ಟು ಮಣ್ಣು ಜಾರಿ ಅರ್ಧ ರಸ್ತೆಯನ್ನು ಮುಚ್ಚಿತು. ದೊಡ್ಡದೇನಲ್ಲ, ನಾಲ್ಕು ಗಾಡಿಯಷ್ಟು.

"ಮೇಗಡಿಂದ ಬರೋರ್ಗ ಇದು ಕಾಣಲ್ಲ" ಎಂದಳು ದೊಡ್ಡಮಾದಮ್ಮ. "ತಿರುಗ್ದೇಟ್ಗೇ ಮಣ್ಣೊಳಕ್ ಬುಡ್ತಾರ. ಯಾರಾರ ಒಬ್ರು ಮೇಕ್ಕೋಗಿ ನಿಲ್ಲುಸ್ಬೇಕಲ್ಲಣ್ಣ."

"ನಾ ಓಯ್ತಿನಿ. ನೀ ಕೆಳಗಿಂದ ಬರೋವ ನೋಡ್ಕ."

"ರಸ್ತ ಮೇಲ ಓಗ್ಬ್ಯಾಡ. ಬಂಡ ಮೇಲ್ಗಡ ಕಾಲ್ದಾರೀಲಿ ಅತ್ಕ."

ಅವನು ಹೆಗಲಿನ ಟವೆಲನ್ನು ಸೊಂಟಕ್ಕೆ ಬಿಗಿದು ಕಾಲುದಾರಿ ಹತ್ತಿದ. ಹತ್ತೇ ನಿಮಿಷದಲ್ಲಿ ಸತ್ಯಮಂಗಲದ ಕಡೆಯಿಂದ ಬಸ್ಸು ಬಂತು. ದೊಡ್ಡಮಾದಮ್ಮ ರಸ್ತೆಯ ನಡುವೆ ಕೈಚಾಚಿ ನಿಂತಳು. ಬಸ್ಸು ನಿಂತಿತು, ಆದರೆ ಜನ ನಿಲ್ಲಲಿಲ್ಲ. ನಲವತ್ತು ಜನರಲ್ಲಿ ಎಂಟು ಹತ್ತು ಮಂದಿ ಇಳಿದು ಮಣ್ಣಿನ ಕಡೆ ಹೊರಟರು.

"ಇಷ್ಟ್ ಮಣ್ಗ ಎದ್ರುಕಂಡ್ ಕೂತ್ಕಂಡಾದಾ?" ಎಂದ ಮುಂದೆ ಇದ್ದವನೊಬ್ಬ. "ದಾಟ್ಕಂಡ್ ಓದ್ರ ಆಚ ಕಡ ಗಾಡಿ ಸಿಕ್ತದ."

"ಇನ್ನೂ ಬೀಳ್ತದ ಕಣಪ್ಪ. ನೀರ್ ನಿಂತದ. ಓಗ್ಬ್ಯಾಡಿ."

"ನೀ ಯಾರವ್ವ ನಮ್ಮ ತಡಿಯಕ್ಕ?" ಅವನು ಅವಳ ಕೈ ಸರಿಸಿ ನಡೆದ. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಅವನ ಹಿಂದೆ ಹೋದಳು.

ದೊಡ್ಡಮಾದಮ್ಮ ಓಡಿ ಬಸ್ಸಿನ ಬಳಿಗೆ ಬಂದಳು. ಹಾರನ್ ಒತ್ತಿ, ಕೈ ತೆಗೆಯಬೇಡಿ ಎಂದು ಡ್ರೈವರನಿಗೆ ತಮಿಳಿನಲ್ಲಿ ಹೇಳಿದಳು. ಅವನು ಅವಳ ಮುಖ ನೋಡಿದವನೇ ಒತ್ತಿ ಹಿಡಿದ. ಆ ಸದ್ದಿಗೆ ಹೋಗುತ್ತಿದ್ದವರು ತಿರುಗಿದರು. ಮಗು ಎತ್ತಿಕೊಂಡವಳು ಮೊದಲು ಹಿಂದಕ್ಕೆ ಓಡಿದಳು. ಎಲ್ಲರಿಗಿಂತ ಮುಂದೆ ಹೋಗಿದ್ದವನು ಬೈಯುತ್ತ ಗುಡ್ಡದ ಕಡೆ ನೋಡಿದ. ಮರಗಳು ನಿಂತ ಹಾಗೆಯೇ ಕೆಳಗೆ ಜಾರಿ ಬರುತ್ತಿದ್ದವು. ಅವನೂ ಓಡಿದ.

ಸದ್ದು ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಯಿತು ಎಂದು ದೊಡ್ಡಮಾದಮ್ಮ ಎಷ್ಟೋ ದಿನದ ಮೇಲೆ ಹೇಳಿದಳು. ಅದು ನಿಂತಾಗ ರಸ್ತೆಯೇ ಇರಲಿಲ್ಲ. ಅವರು ಬೆಳಿಗ್ಗೆ ಕೆಲಸ ಮಾಡುತ್ತಿದ್ದ ಜಾಗ ಎಲ್ಲಿತ್ತು ಎಂದು ತೋರಿಸಲೂ ಆಗುವಂತಿರಲಿಲ್ಲ. ಬಸ್ಸಿನ ಜನರಿಗೆ ಒಂದು ಗೀರೂ ತಗುಲಿರಲಿಲ್ಲ. ಅವಳು ತನ್ನ ಹೆಂಗಸರನ್ನು ಎಣಿಸಿದಳು, ಎಲ್ಲರೂ ಇದ್ದರು. ಮೇಸ್ತ್ರಿ ಮೇಲಿದ್ದಾನೆ, ದೇವರು ದೊಡ್ಡವನು ಅಂದುಕೊಂಡಳು.

ಮಧ್ಯಾಹ್ನ ಮಳೆ ತುಸು ತಗ್ಗಿದಾಗ ಮೇಲೆ ನಿಂತಿದ್ದ ಲಾರಿಯ ಕ್ಲೀನರ್ ಕಾಲುದಾರಿ ಹಿಡಿದು ಇಳಿದು ಬಂದ.

"ಒಬ್ರು ಯಜಮಾನ್ರು ಟವಲ್ ಬೀಸಿ ನಮ್ ಗಾಡಿ ನಿಲ್ಲುಸುದ್ರು" ಎಂದ. "ಇಂದ್ಗಡೆ ಇನ್ನೆರಡು ನಿಂತ್ಕಂಡ್ವು. ಇಲ್ದಿದ್ರೆ ನಾವು ಇರ್ತಿರ್ನಿಲ್ಲ. ಆಮೇಲೆ ಕೆಳಗಿಂದ ಆರನ್ ಕೇಳುಸ್ತು, ಬುಡದಂಗೆ. 'ನಮ್ ಎಂಗಸ್ರು ಅಲ್ಲೇ ಅವ್ರ, ಏನೋ ಆಗದ' ಅಂದ್ಕಂಡು ರಸ್ತೇಲೇ ಓಡುದ್ರು. ಬಂದ್ರಾ?"

ಕ್ಲೀನರ್ ಒಬ್ಬೊಬ್ಬರ ಮುಖ ನೋಡಿದ. ಸಣ್ಣಮ್ಮ ಅಳತೊಡಗಿದಳು. ದೊಡ್ಡಮಾದಮ್ಮ ಮಣ್ಣಿನ ರಾಶಿಯನ್ನು ನೋಡುತ್ತ ನಿಂತಳು. ಕತ್ತಲಾಗುವ ಮೊದಲು ಅವಳನ್ನು ಅಲ್ಲಿಂದ ಇಬ್ಬರು ಹಿಡಿದು ಕರೆದುಕೊಂಡು ಬರಬೇಕಾಯಿತು.

ಮಲ್ಲಯ್ಯ ಮಣ್ಣಿನಡಿ ಸಿಕ್ಕಿದ್ದು ಮೂರನೆಯ ದಿನ.

ಎಂಟು ದಿನ ದೊಡ್ಡಮಾದಮ್ಮ ತಟ್ಟೆ ಕೈಗೆ ಕೊಟ್ಟರೆ ಉಂಡಳು, ಕೊಡದಿದ್ದರೆ ಇಲ್ಲ. ನೋಡಲು ಬಂದವರು, ಬಸ್ಸಿನ ಜನವನ್ನೆಲ್ಲ ಉಳಿಸಿದೆಯಲ್ಲವ್ವ ಅಂದರೆ, ಬೇರೆ ಯಾರದೋ ಸಂಗತಿ ಕೇಳಿದವಳಂತೆ ನೋಡಿದಳು. ಒಂಬತ್ತನೆಯ ದಿನ ಯಾರಿಗೂ ಹೇಳದೆ ಗುಮಟಾಪುರಕ್ಕೆ ಹೋದಳು. ಮಲ್ಲಯ್ಯನ ಹೆಂಡತಿ ರಾಚಮ್ಮ ಜಗಲಿಯ ಮೇಲೆ ಕೂತಿದ್ದಳು.

"ಅಕ್ಕ, ಮೇಕ್ ಕಳ್ಸಿದ್ದು ನಾನೇ. ಆರನ್ ಒತ್ಸಿದ್ದೂ ನಾನೇ."

ರಾಚಮ್ಮ, "ಅವ್ರು ನಿಲ್ಲುಸುದ್ ಗಾಡೀಲಿ ಎಷ್ಟ್ ಜನ ಇದ್ರು?" ಎಂದು ಕೇಳಿದಳು.

"ಮೂರ್ ಗಾಡೀಲೂ ಸೇರಿ ಇಪ್ಪತ್ ಜನ ಅಂದ್ರು."

"ಅವ್ರೊಬ್ರೂ ನಮ್ಮಟ್ಟಿ ಬಾಗುಲ್ಗ ಬರ್ನಿಲ್ಲ. ನೀ ಬಂದಿದ್ದೀಯ. ಕೂತ್ಕ."

ತಿಂಗಳ ಮೇಲೆ ದೊಡ್ಡಮಾದಮ್ಮ ಕೆಲಸಕ್ಕೆ ಹಿಂತಿರುಗಿದಳು. ರಸ್ತೆ ನೋಡಲು ಬಂದ ಇಂಜಿನಿಯರನ ಹತ್ತಿರ ಎರಡು ಸೀಟಿ ಕೇಳಿ ಇಸಿದುಕೊಂಡಳು, ಮೇಲೆ ಹೋಗಿ ನಿಲ್ಲುವವರಿಗೊಂದು ಕೆಳಗಿನವರಿಗೊಂದು. ಒಂದು ಸಲ ಉದ್ದಕ್ಕೆ ಊದಿದರೆ ನಾವು ಚೆನ್ನಾಗಿದ್ದೇವೆ, ಇದ್ದಲ್ಲೇ ಇರು ಎಂದು ಅರ್ಥ. ಹೊಸದಾಗಿ ಬಂದವರಿಗೆ ಅವಳು ಮೊದಲು ಕಲಿಸುತ್ತಿದ್ದುದು ಅದನ್ನೇ. ಮಣ್ಣು ಒಂದು ಸಲ ಬಿದ್ದರೆ ಮುಗಿಯಿತು ಅಂದುಕೊಳ್ಳಬೇಡಿ, ಗಾಡಿ ನಿಲ್ಲಿಸಲು ಹೋದವರು ಏನು ಕೇಳಿಸಿದರೂ ವಾಪಸ್ ಬರಬೇಡಿ ಎನ್ನುತ್ತಿದ್ದಳು.

2009ರ ಮಳೆಯಲ್ಲಿ ಎರಡು ಸಲ ಗುಡ್ಡ ಜಾರಿತು. ಎರಡು ಸಲವೂ ಕೆಳಗೆ ಯಾರೂ ಇರಲಿಲ್ಲ. ಎರಡನೆಯ ಸಲ ಅವಳು ತಂಡದವರನ್ನೆಲ್ಲ ಒಬ್ಬೊಬ್ಬರಾಗಿ ಭುಜ ಮುಟ್ಟಿ ಎಣಿಸಿದಳು. ಗಾಡಿ ನಿಲ್ಲಿಸಲು ಮೇಲೆ ಹೋಗಿದ್ದವನು ಎಲ್ಲ ಮುಗಿದು ತಾನಾಗಿಯೇ ಇಳಿದು ಬಂದ ಮೇಲೆ ಅವನನ್ನೂ ಮುಟ್ಟಿ ನೋಡಿದಳು. ಆಮೇಲೆ ಒದ್ದೆ ರಸ್ತೆಯ ಮೇಲೆ ಹಾಗೆಯೇ ಕೂತುಬಿಟ್ಟಳು. ಸಣ್ಣಮ್ಮ ಎಷ್ಟು ಕರೆದರೂ ಅರ್ಧ ಗಂಟೆ ಏಳಲಿಲ್ಲ.