ನೀರು ಬೇಡ ಅಂದ ಡಾಕ್ಟರರು

ಖಾನಾಪುರದ ನಮ್ಮ ಡಾಕ್ಟರರ ಕಿವಿಗಳಿಂದ ಬಿಳಿ ಕೂದಲು ಪೊದೆಯಂತೆ ಹೊರಬಂದಿತ್ತು. ಸ್ಟೆಥಾಸ್ಕೋಪನ್ನು ಅದರೊಳಗೆ ತೂರಿಸುವಾಗ ಅಳುವ ಮಕ್ಕಳೂ ನಕ್ಕುಬಿಡುತ್ತಿದ್ದರು. ತಣ್ಣನೆಯ ಬಿಲ್ಲೆಯನ್ನು ಅಂಗೈಗೆ ಉಜ್ಜಿ ಬೆಚ್ಚಗೆ ಮಾಡಿಯೇ ಎದೆಗೆ ಇಡುವರು. "ಅಂಜಬ್ಯಾಡ್ರಿ, ನಾ ಅದೀನಿ" ಎನ್ನುವುದು ಅವರ ರೂಢಿ.

ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಕಾಲರಾ ಬಂತು. ನನ್ನ ಮೂರು ವರ್ಷದ ಮಗಳು, ಪಕ್ಕದ ಮನೆಯ ಭಾಭಿಯ ಮಗ, ಇಬ್ಬರೂ ಒಂದೇ ದಿನ ಹಾಸಿಗೆ ಹಿಡಿದರು. ಡಾಕ್ಟರರು ಎರಡೂ ಮನೆಗೆ ಬಂದು ಔಷಧ ಕೊಟ್ಟು ಹೇಳಿದರು: "ಒಂದು ಹನಿ ನೀರು ಕೊಡಬ್ಯಾಡ್ರಿ. ಕೊಟ್ಟಷ್ಟೂ ಭೇದಿ ಹೆಚ್ಚಾಗತೈತಿ."

ಮಗಳ ಕಣ್ಣು ಒಳಗೆ ಹೋದವು. "ಯವ್ವಾ, ನೀರ" ಎಂದು ನನ್ನ ಸೆರಗು ಚೀಪತೊಡಗಿದಳು. ಡಾಕ್ಟರರ ಮಾತು ಮೀರಲೂ ಭಯ, ಮೀರದಿರಲೂ ಭಯ. ಲಿಂಗಪೂಜೆಯ ತೀರ್ಥ ಒಂದು ಚಮಚ ಕುಡಿಸಿದೆ. ತೀರ್ಥ ನೀರಲ್ಲವಲ್ಲ! ಲಿಂಗಕ್ಕೆ ನೀರೆರೆದು ಎರೆದು ಸಂಜೆಯೊಳಗೆ ಎರಡು ತಂಬಿಗೆ ಕುಡಿಸಿದ್ದೆ. ಗೋಡೆಯಾಚೆ ಭಾಭಿಯ ಮಗನೂ ನೀರು ಕೇಳುತ್ತಿದ್ದ. ಡಾಕ್ಟರರಿಗೆ ಗೊತ್ತಾದೀತೆಂದು ನಾನು ಬಾಯಿ ಬಿಡಲಿಲ್ಲ. ಮರುದಿನ ಆ ದನಿ ನಿಂತಿತು.

ವಾರದ ಮೇಲೆ, ಚೇತರಿಸಿಕೊಂಡ ಮಗಳನ್ನು ನೋಡಲು ಡಾಕ್ಟರರು ಬಂದರು. "ಏನ್ ಕೊಟ್ರಿ? ಖರೇ ಹೇಳ್ರಿ."

"ತೀರ್ಥ ರೀ. ಎರಡು ತಂಬಿಗಿ."

ಅವರು ಹೊಸ್ತಿಲ ಮೇಲೇ ಕುಳಿತುಬಿಟ್ಟರು. "ನೀರು ಕುಡಸ್ರಿ ಅಂತ ಬೆಳಗಾವಿಯಿಂದ ದೊಡ್ಡ ಡಾಕ್ಟರು ಪತ್ರಾ ಬರದಿದ್ರು. ನಾ ನಂಬಲಿಲ್ಲ ತಂಗಿ."

ಎದ್ದು ನೇರ ಭಾಭಿಯ ಬಾಗಿಲಿಗೆ ಹೋದರು. "ತಪ್ಪು ನಂದು. ಮಾಫ್ ಮಾಡವ್ವಾ."

ಭಾಭಿ ಅಳಲಿಲ್ಲ. "ಮಾಫಿ ನನ್ನ ಕಡೆ ಇಲ್ರೀ. ಈಗ ನನಗ ಹೇಳಿದ್ದನ್ನ ಎಲ್ಲಾ ಮನೀಗೂ ಹೋಗಿ ಹೇಳ್ರಿ."

ಹೋದರು. "ನಾ ತಪ್ಪು ಹೇಳಿದ್ದೆ, ಒಂದು ಕೂಸು ಹೋತು. ಉಪ್ಪು ಸಕ್ಕರಿ ಹಾಕಿ ನೀರು ಕುಡಸ್ರಿ" ಎಂದು ಬಾಗಿಲು ಬಾಗಿಲಿಗೆ ನಿಂತರು.

"ಮೊದಲ ಕೊಲ್ಲೂದು, ಆಮ್ಯಾಲೆ ಬುದ್ಧಿ ಹೇಳೂದು ಏನ್ರೀ?" ಎಂದು ಮುದುಕಿಯೊಬ್ಬಳು ಮುಖಕ್ಕೇ ಅಂದಳು. ಅವರು ತಲೆ ತಗ್ಗಿಸಿ ಮುಂದಿನ ಮನೆಗೆ ನಡೆದರು. ನನ್ನ ತೀರ್ಥದ ಸುದ್ದಿಯನ್ನು ಮಾತ್ರ ಎಲ್ಲೂ ಎತ್ತಲಿಲ್ಲ.

ಎಂಬತ್ತರ ದಶಕದಲ್ಲಿ ಅವರು ಬೆಳಗಾವಿಯಲ್ಲಿ ತೀರಿಕೊಂಡರು. ಕೊನೆಯ ದರ್ಶನಕ್ಕೆ ಭಾಭಿಯೂ ನಾನೂ ಒಂದೇ ಬಸ್ಸಿನಲ್ಲಿ ಹೋದೆವು.

"ಮಾಫ್ ಮಾಡಿದ್ಯಾ?" ಎಂದು ಕೇಳಿದೆ.

"ಇಲ್ಲಕ್ಕಾ. ಆದ್ರ ಆಮ್ಯಾಲೆ ಹುಟ್ಟಿದ ಇಬ್ಬರನ್ನೂ ಅವರ ಕಡೆನ ಒಯ್ದೆ. ತಪ್ಪು ಮಾಡಿದ್ರ ಬಾಯಿಬಿಟ್ಟು ಹೇಳೂ ಮನಶ್ಯಾ ಅಂತ ಗೊತ್ತಿತ್ತು."

ತೀರ್ಥದ ಮಾತು ಈಗ ಹೇಳಿಬಿಡಬೇಕು ಅಂದುಕೊಂಡೆ. ಬೆಳಗಾವಿ ಬಂತು, ಇಳಿದೆವು. ಶಿವ ನನಗೆ ತೋರಿದ ಕರುಣೆಗಳನ್ನು ಎಣಿಸುವಾಗ, ಮಗಳು ಉಳಿದದ್ದರ ನಂತರ ಡಾಕ್ಟರರ ಆ ಮೌನವನ್ನೂ ಎಣಿಸುತ್ತೇನೆ. ಭಾಭಿ ಇಂದಿಗೂ ನನ್ನನ್ನು ಅಕ್ಕಾ ಎಂದೇ ಕರೆಯುತ್ತಾಳೆ. ನಾನು ಇನ್ನೂ ಹೇಳಿಲ್ಲ.